ಕೊಸರು: ಅಳತೆ ತುಂಬಿದ ಮೇಲಿನ ಮಾತು

ಮೈಸೂರಿನ ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಎರಡು ಮೊಳ ಮಲ್ಲಿಗೆ ಕೇಳಿ ನೋಡಿ. ಹೂವಿನಾಕೆ ಮೊಳಕೈಯಿಂದ ಬೆರಳ ತುದಿಯವರೆಗೆ ಮಾಲೆ ಹಿಡಿದು ಅಳೆಯುತ್ತಾರೆ. ಅಳತೆ ಮುಗಿದ ಜಾಗದಲ್ಲಿ ಹೆಬ್ಬೆರಳು ಒತ್ತಿ, ದಾರ ಕತ್ತರಿಸುವ ಮುಂಚೆ ಒಂದು ಗಳಿಗೆ ನಿಲ್ಲುತ್ತಾರೆ. ನಮ್ಮಮ್ಮ ಕಾಯುವುದು ಅದೇ ಗಳಿಗೆಗೆ. "ವಸಿ ಕೊಸರು ಬುಡವ್ವ" ಅನ್ನುತ್ತಾರೆ. ಹೆಬ್ಬೆರಳು ನಾಲ್ಕು ಬೆರಳಗಲ ಮುಂದಕ್ಕೆ ಜರುಗುತ್ತದೆ. ಆ ನಾಲ್ಕು ಬೆರಳಗಲ ಹೂವಿಗೆ ಕೊಸರು ಎಂದು ಹೆಸರು.

ಕೊಂಡ ಪದಾರ್ಥದ ಅಳತೆ ತುಂಬಿದ ಮೇಲೆ ಮಾರುವವರು ಕೈಯಾರೆ ಹಾಕುವ ಒಂದಿಷ್ಟು ಹೆಚ್ಚಳವೇ ಕೊಸರು. ಮನೆ ಬಾಗಿಲಿಗೆ ಬರುವ ಹಾಲಿನವರು ಅರ್ಧ ಲೀಟರು ಅಳೆದು ಸುರಿದು, ಆಮೇಲೆ ಅಳತೆಯ ತಳ ಮುಚ್ಚುವಷ್ಟು ಹಾಲು ಮತ್ತೆ ಹಾಕುತ್ತಾರಲ್ಲ, ಅದು. ವೀಳ್ಯದೆಲೆ ಕಟ್ಟಿನ ಮೇಲೆ ಇಡುವ ನಾಲ್ಕು ಎಲೆ, ತರಕಾರಿ ತೂಗಿಯಾದ ಮೇಲೆ ಚೀಲಕ್ಕೆ ತುರುಕುವ ಕರಿಬೇವಿನ ಕಡ್ಡಿ, ಕಡಲೆಕಾಯಿಯವರು ಪಾವು ತುಂಬಿ ಕೊಟ್ಟ ಮೇಲೆ ಹಾಕುವ ಅರ್ಧ ಮುಷ್ಟಿ, ಎಲ್ಲವೂ ಕೊಸರೇ. ಹೂವಿಗಾದರೆ "ಕೊಸರು ಬಿಡಿ", ಹಾಲಿಗಾದರೆ "ಕೊಸರು ಹಾಕಿ", ಎಲೆಗಾದರೆ "ಕೊಸರು ಕೊಡಿ" ಅನ್ನುವುದು ರೂಢಿ. ಇದೇ ಪದ ಕ್ರಿಯಾಪದವೂ ಆಗುತ್ತದೆ: ಹಿಡಿದ ಕೈಯಿಂದ ಬಿಡಿಸಿಕೊಂಡು ಓಡಿದ ಹುಡುಗ "ಕೊಸರಿಕೊಂಡು" ಓಡಿದ. ಎರಡರಲ್ಲೂ ಒಂದು ಸಣ್ಣ ಎಳೆದಾಟವಿದೆ ನೋಡಿ. ಕೊಸರು ತಾನಾಗಿ ಬಂದರೆ ಸಂತೋಷ. ಬಾರದಿದ್ದರೆ ಬಾಯಿಬಿಟ್ಟು ಕೇಳಿ ಎಳೆದುಕೊಳ್ಳಬೇಕು.

ಕೊಸರನ್ನು ಅದರ ಆಚೆ ಈಚೆಯ ಪದಗಳಿಂದ ಬಿಡಿಸಿ ನೋಡಬೇಕು. ಬಿಟ್ಟಿ ಬೇರೆ. ಅದು ಸಂಸ್ಕೃತದ ವಿಷ್ಟಿಯಿಂದ ಬಂದದ್ದು. ಮೊದಲಿಗೆ ಕೂಲಿಯಿಲ್ಲದ ದುಡಿಮೆ ಎಂಬ ಅರ್ಥ, "ಬಿಟ್ಟಿ ಚಾಕರಿ"ಯಲ್ಲಿ ಅದು ಇನ್ನೂ ಉಳಿದಿದೆ. ಪುಕ್ಕಟೆ ಬೇರೆ. ಏನನ್ನೂ ಕೊಳ್ಳದವರಿಗೂ ಪುಕ್ಕಟೆ ಸಿಗಬಹುದು, ಕೊಸರು ಸಿಗುವುದಿಲ್ಲ. ಕೊಸರಿಗೆ ಮೊದಲು ವ್ಯಾಪಾರ ಆಗಿರಬೇಕು. ಕೊಡುಗೆ ಅಥವಾ ಆಫರ್ ಕೂಡ ಬೇರೆ. ಅದನ್ನು ಮೊದಲೇ ಲೆಕ್ಕ ಹಾಕಿ ಬೋರ್ಡಿನ ಮೇಲೆ ಬರೆದಿರುತ್ತಾರೆ. ಕೊಸರನ್ನು ಯಾರೂ ಬೋರ್ಡಿನ ಮೇಲೆ ಬರೆಯುವುದಿಲ್ಲ. ಅದು ಎಷ್ಟು ಎಂದು ನಿಗದಿಯಿಲ್ಲ, ಕೊಡದಿದ್ದರೆ ದೂರು ಕೊಡುವ ಹಾಗೂ ಇಲ್ಲ.

ಅಳತೆಯ ಮಾತು ಹಾಗಲ್ಲ. ತೂಕದಲ್ಲಿ, ಅಳತೆಯಲ್ಲಿ ಕಡಿಮೆ ಕೊಟ್ಟರೆ ಕಾನೂನು ಮಾಪನಶಾಸ್ತ್ರ ಇಲಾಖೆ ದಂಡ ಹಾಕುತ್ತದೆ, 2009ರ ಕಾಯ್ದೆಯೇ ಇದೆ. ಅಂದರೆ ಕೊಸರು ಎಂಬ ಪದಕ್ಕೆ ಅರ್ಥ ಬರಬೇಕಾದರೆ ಅಳತೆ ಮೊದಲು ತುಂಬಿರಬೇಕು. ಮುಕ್ಕಾಲು ಪಾವು ಹಾಕಿ ಮೇಲೆ ನಾಲ್ಕು ಕಾಳು ಉದುರಿಸಿದರೆ ಅದನ್ನು ಕೊಸರು ಎಂದು ಯಾವ ಸಂತೆಯಲ್ಲೂ ಒಪ್ಪುವುದಿಲ್ಲ.

ಈ ಪದ ನನ್ನ ತಲೆಯಲ್ಲಿ ಕೂತದ್ದು ಮಾತ್ರ ಹೂವಿನ ಸಾಲಿನಲ್ಲಲ್ಲ, ಮಂಡ್ಯದ ಒಂದು ಮೊಬೈಲ್ ಅಂಗಡಿಯಲ್ಲಿ. ಅಮ್ಮನ ಹಳೆಯ ಫೋನು ಕೆಟ್ಟು, ಹೊಸದು ಕೊಡಿಸಲು ಕರೆದುಕೊಂಡು ಹೋಗಿದ್ದೆ. ಅಂಗಡಿಯ ಹುಡುಗ ಪೆಟ್ಟಿಗೆಯ ಸೀಲು ಬಿಚ್ಚಿದ. ಫೋನು, ಒಂದು ವೈರು, ಸಿಮ್ ತೆಗೆಯುವ ಪಿನ್ನು, ಮಡಿಸಿಟ್ಟ ಕಾಗದ. ಅಮ್ಮ ಪೆಟ್ಟಿಗೆ ತಿರುಗಿಸಿ, ತಳದ ರಟ್ಟನ್ನೂ ಎತ್ತಿ ನೋಡಿದರು.

"ಚಾರ್ಜರ್ ಎಲ್ಲಪ್ಪ?"

"ಈಗ ಇದ್ರಲ್ಲಿ ಬರಲ್ಲಮ್ಮ. ಬೇರೆ ತಗೋಬೇಕು."

"ನೇಗಿಲು ಕೊಟ್ಟು, ಕುಳ ಬೇರೆ ತಕ್ಕೊ ಅಂದಂಗಾಯ್ತಲ್ಲಪ್ಪ."

ಮನೆಯಲ್ಲಿ ಹಳೆಯ ಚಾರ್ಜರ್ ಇದೆಯಲ್ಲ, ಅದನ್ನೇ ಹಾಕೋಣ ಎಂದು ನಾನೇ ಸಮಾಧಾನ ಹೇಳಿದೆ. ಮನೆಗೆ ಬಂದು ಗೋಡೆಗೂಡಿನಲ್ಲಿದ್ದ ಡಬ್ಬಿ ತೆಗೆದರೆ ಮೂರು ಚಾರ್ಜರ್ ಇದ್ದವು. ಒಂದು ಕೀಪ್ಯಾಡ್ ಫೋನಿನ ಕಾಲದ ಸಣ್ಣ ಪಿನ್ನಿನದು, ಅಡಾಪ್ಟರಿಗೇ ವೈರು ಅಂಟಿಕೊಂಡಿದ್ದುದು. ಉಳಿದ ಎರಡರ ವೈರಿನ ತುದಿ ಮೈಕ್ರೋ ಯುಎಸ್‌ಬಿ, ಅಡಾಪ್ಟರಿನ ಬಾಯಿ ಅಗಲದ್ದು. ಹೊಸ ವೈರಿಗೆ ಎರಡೂ ತುದಿಯಲ್ಲಿ ಟೈಪ್ ಸಿ. ಆ ಅಗಲ ಬಾಯಿಗೆ ಈ ಸಣ್ಣ ತುದಿ ಕೂರುವುದೇ ಇಲ್ಲ. ಮೂರು ಚಾರ್ಜರ್ ಮುಂದಿಟ್ಟುಕೊಂಡು, ಹೊಸ ಫೋನಿಗೆ ಜೀವ ತುಂಬಲಾಗದೆ ಕೂತೆವು. ಮರುದಿನ ಅದೇ ಅಂಗಡಿಗೆ ಹೋಗಿ ಅಡಾಪ್ಟರ್ ಕೊಂಡದ್ದಾಯಿತು. ಹುಡುಗ ಒಳ್ಳೆಯವನು. ಫೋನಿನ ಗಾಜು ಒರೆಸಿ, ಟೆಂಪರ್ಡ್ ಗ್ಲಾಸ್ ಇಟ್ಟು, ಹಳೆಯ ಕಾರ್ಡೊಂದರಿಂದ ಗುಳ್ಳೆಗಳನ್ನು ಅಂಚಿಗೆ ಒತ್ತಿ ತೆಗೆದು, ಒಂದು ಪೌಚನ್ನೂ ತೊಡಿಸಿ "ಇದಕ್ಕೆ ದುಡ್ಡು ಬೇಡಮ್ಮ" ಎಂದ. ಬಸ್ಸಿನಲ್ಲಿ ಅಮ್ಮ ಹೇಳಿದರು: "ಆ ಮಗ ಕೊಸರು ಕೊಟ್ಟ. ಅವನ ಹಿಂದಿರೋರು ಅಳ್ತೇನೇ ಕಮ್ಮಿ ಮಾಡವ್ರೆ."

ಇಷ್ಟು ಸರಿಯಾಗಿ ಈ ವಿಷಯವನ್ನು ಬೇರೆ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಹೊಸ ಫೋನಿನ ಜೊತೆ "ಉಚಿತ" ಸಾಮಾನು ಕೊಡಬೇಕೇ ಬೇಡವೇ ಎಂಬ ಚರ್ಚೆಯಲ್ಲಿ ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿಬಿಡುತ್ತೇವೆ: ಚಾರ್ಜರ್, ಇಯರ್‌ಫೋನ್, ಪೌಚು, ಗ್ಲಾಸು. ಕಾರ್ಖಾನೆಯಲ್ಲಿ ಸೀಲಾದ ಪೆಟ್ಟಿಗೆಯೊಳಗೆ ಕೊಸರು ಇರಲು ಸಾಧ್ಯವೇ ಇಲ್ಲ. ಅದರೊಳಗಿನ ಪ್ರತಿಯೊಂದು ವಸ್ತುವೂ ಬೆಲೆ ಕಟ್ಟುವಾಗಲೇ ಲೆಕ್ಕಕ್ಕೆ ಸೇರಿರುತ್ತದೆ. ಚಾರ್ಜರ್ ಎಂದೂ ಉಚಿತವಾಗಿರಲಿಲ್ಲ. ಅದು ಅಳತೆಯ ಒಳಗಿನದು, ನಾವು ದುಡ್ಡು ಕೊಟ್ಟು ಕೊಂಡದ್ದು. ಅದನ್ನು ತೆಗೆದರೆ ಕಂಪನಿ ಕೊಸರು ನಿಲ್ಲಿಸಿತು ಎನ್ನುವುದು ತಪ್ಪು. ಅಳತೆ ಇಳಿಸಿತು ಎನ್ನಬೇಕು. ಅಳತೆ ಇಳಿಸಿದವರು ಬೆಲೆಯನ್ನೂ ಇಳಿಸಬೇಕು.

ಇದು ಶುರುವಾದ ಬಗೆ ನೆನಪಿಸಿಕೊಳ್ಳಿ. 2020ರ ಅಕ್ಟೋಬರಿನಲ್ಲಿ ಆಪಲ್ ಐಫೋನ್ 12 ತಂದಾಗ ಪೆಟ್ಟಿಗೆಯಿಂದ ಅಡಾಪ್ಟರನ್ನೂ ಇಯರ್‌ಫೋನನ್ನೂ ತೆಗೆಯಿತು. ಪರಿಸರಕ್ಕೆ ಒಳ್ಳೆಯದು, ಪೆಟ್ಟಿಗೆ ಚಿಕ್ಕದಾದರೆ ಒಂದೇ ಸಾಗಣೆ ಹಲಗೆಯ ಮೇಲೆ ಶೇ 70ರಷ್ಟು ಹೆಚ್ಚು ಪೆಟ್ಟಿಗೆ ಹಿಡಿಯುತ್ತವೆ ಎಂದು ಕಾರಣ ಕೊಟ್ಟಿತು. ತನ್ನ 200 ಕೋಟಿ ಅಡಾಪ್ಟರುಗಳು ಆಗಲೇ ಜನರ ಬಳಿ ಇವೆ ಎಂದೂ ಹೇಳಿತು. ಆದರೆ ಪೆಟ್ಟಿಗೆಯಲ್ಲಿ ಉಳಿಸಿದ ವೈರಿನ ಒಂದು ತುದಿ ಟೈಪ್ ಸಿ, ಜನರ ಬಳಿ ಇದ್ದ ಅಡಾಪ್ಟರುಗಳಲ್ಲಿ ಹೆಚ್ಚಿನವಕ್ಕೆ ಅಗಲ ಬಾಯಿ. ನಮ್ಮ ಗೋಡೆಗೂಡಿನ ಕಥೆಯೇ ಅಲ್ಲೂ. ಸ್ಯಾಮ್ಸಂಗ್ ಆ ದಿನಗಳಲ್ಲಿ "ನಮ್ಮ ಗ್ಯಾಲಕ್ಸಿ ಜೊತೆ ಚಾರ್ಜರ್ ಬರುತ್ತದೆ" ಎಂಬರ್ಥದ ಜಾಹೀರಾತು ಹಾಕಿ, 2021ರ ಜನವರಿಯಲ್ಲಿ ಗ್ಯಾಲಕ್ಸಿ ಎಸ್21ರ ಪೆಟ್ಟಿಗೆಯಿಂದ ತಾನೂ ಚಾರ್ಜರ್ ತೆಗೆಯಿತು.

ಆ ಕಾಲದಲ್ಲಿ ನನಗೆ ಮೆಚ್ಚುಗೆಯಾದದ್ದು ಶಿಯೋಮಿ ಚೀನಾದಲ್ಲಿ ಮಾಡಿದ್ದು. 2020ರ ಡಿಸೆಂಬರಿನಲ್ಲಿ ಮಿ 11 ಬಂದಾಗ ಚಾರ್ಜರ್ ಇಲ್ಲದ ಪೆಟ್ಟಿಗೆ, 55 ವಾಟಿನ ಚಾರ್ಜರ್ ಜೊತೆಗಿನ ಪೆಟ್ಟಿಗೆ, ಎರಡನ್ನೂ ಒಂದೇ ಬೆಲೆಗೆ ಇಟ್ಟಿತು. ಬೇಡದವರು ಬಿಡಬಹುದು, ಬೇಕಾದವರು ಒಯ್ಯಬಹುದು. ಬಿಟ್ಟವರಿಗೆ ಒಂದಿಷ್ಟು ಬೆಲೆಯನ್ನೂ ಇಳಿಸಿದ್ದರೆ ಇನ್ನೂ ನ್ಯಾಯವಾಗುತ್ತಿತ್ತು.

ಬ್ರೆಜಿಲ್ ಅಂತೂ ಇದನ್ನು ಅಳತೆಯ ಮೋಸವೆಂದೇ ನೋಡಿತು. 2021ರಲ್ಲಿ ಸಾವೊ ಪಾವ್ಲೊ ರಾಜ್ಯದ ಗ್ರಾಹಕ ಸಂರಕ್ಷಣಾ ಸಂಸ್ಥೆ ಆಪಲ್‌ಗೆ ಒಂದು ಕೋಟಿ ರಿಯಾಲಿಗೂ ಹೆಚ್ಚು ದಂಡ ಹಾಕಿತು; 2022ರ ಸೆಪ್ಟೆಂಬರಿನಲ್ಲಿ ಅಲ್ಲಿನ ನ್ಯಾಯ ಸಚಿವಾಲಯ ಮತ್ತೆ ದಂಡ ಹಾಕಿ, ಚಾರ್ಜರ್ ಇಲ್ಲದ ಐಫೋನುಗಳ ಮಾರಾಟ ನಿಲ್ಲಿಸಲು ಆದೇಶಿಸಿತು. ಚಾರ್ಜರ್ ಇಲ್ಲದ ಫೋನು ಅರೆಬರೆ ವಸ್ತು ಎಂಬುದು ಅವರ ವಾದ. ಅಮ್ಮನ ನೇಗಿಲು ಮತ್ತು ಕುಳದ ಮಾತು ಅದೇ ತಾನೆ.

ಪರಿಸರದ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಎಸೆದ, ಬಳಸದೆ ಬಿದ್ದ ಚಾರ್ಜರುಗಳಿಂದಲೇ ಯುರೋಪಿನಲ್ಲಿ ವರ್ಷಕ್ಕೆ ಸುಮಾರು 11,000 ಟನ್ ಇ-ತ್ಯಾಜ್ಯ ಆಗುತ್ತದೆಂದು ಯುರೋಪಿಯನ್ ಒಕ್ಕೂಟ ಲೆಕ್ಕ ಹಾಕಿದೆ. ನಮ್ಮ ಡಬ್ಬಿಯಲ್ಲಿ ಬಿದ್ದ ಮೂರು ಚಾರ್ಜರುಗಳೊಳಗೆ ತಾಮ್ರವಿದೆ, ಪ್ಲಾಸ್ಟಿಕ್ಕಿದೆ. ಅವು ಎಲ್ಲಿಗೆ ಹೋಗಬೇಕು ಎಂದು ನನಗೂ ಸಂಕಟವಾಗುತ್ತದೆ. ಆದರೆ ಆ ರಾಶಿ ಬೆಳೆದದ್ದು ಕಂಪನಿಗಳು ದಶಕಗಳ ಕಾಲ ಒಂದೊಂದು ಬಗೆಯ ಪಿನ್ನು ಇಟ್ಟದ್ದರಿಂದ. ಅದನ್ನು ಸರಿಪಡಿಸುವ ಸರಿಯಾದ ಕ್ರಮವೆಂದರೆ ಮೊದಲು ಎಲ್ಲಕ್ಕೂ ಒಂದೇ ಬಾಯಿ, ಆಮೇಲೆ ಚಾರ್ಜರ್ ಬಿಡುವ ಮಾತು. ಯುರೋಪ್ ಹಾಗೆಯೇ ಮಾಡಿತು. 2024ರ ಡಿಸೆಂಬರ್ 28ರಿಂದ ಅಲ್ಲಿ ಮಾರುವ ಹೊಸ ಫೋನುಗಳಿಗೆಲ್ಲ ಟೈಪ್ ಸಿ ಕಡ್ಡಾಯ. ಚಾರ್ಜರ್ ಜೊತೆ ಕೊಡುವ ಕಂಪನಿ ಚಾರ್ಜರ್ ಇಲ್ಲದೆಯೂ ಕೊಳ್ಳುವ ಅವಕಾಶ ಇಡಬೇಕು. ಒಳಗೆ ಚಾರ್ಜರ್ ಇದೆಯೇ ಇಲ್ಲವೇ ಎಂದು ಪೆಟ್ಟಿಗೆಯ ಮೇಲೆ ಚಿತ್ರ ಹಾಕಿ ತೋರಿಸಬೇಕು. ಓದು ಬಾರದವರಿಗೂ ಗೊತ್ತಾಗುವ ಚಿತ್ರ ಎನ್ನುವುದು ನನಗೆ ತುಂಬ ಹಿಡಿಸಿತು. ನಮ್ಮಲ್ಲೂ 2022ರ ನವೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ಕರೆದ ಸಭೆಯಲ್ಲಿ ಟೈಪ್ ಸಿಗೆ ಒಮ್ಮತ ಮೂಡಿ, ಮರುವರ್ಷದ ಜನವರಿಯಲ್ಲಿ ಭಾರತೀಯ ಮಾನಕ ಬ್ಯೂರೋ ಅದಕ್ಕೆ ಮಾನಕ ಹೊರಡಿಸಿತು.

ಆನೆ ಮಾರಿದ ಮೇಲೆ ಅಂಕುಶಕ್ಕೇಕೆ ಜಗಳ ಎಂಬ ಹಳೆಯ ಮಾತುಂಟು. ಹತ್ತಾರು ಸಾವಿರದ ಫೋನು ಕೊಂಡವರು ಕೆಲವು ನೂರರ ಚಾರ್ಜರಿಗೆ ಯಾಕೆ ಗೊಣಗಬೇಕು ಎನ್ನುವವರು ಇದನ್ನೇ ಹೇಳುತ್ತಾರೆ. ಈ ಮಾತನ್ನು ಮಾರಿದವರಿಗೆ ಹೇಳಬೇಕೇ ಹೊರತು ಕೊಂಡವರಿಗಲ್ಲ. ಅಂಕುಶವಿಲ್ಲದೆ ಆನೆಯನ್ನು ಮನೆಗೆ ಕರೆದೊಯ್ಯುವುದು ಹೇಗೆಂದು ದಸರೆಯ ಊರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಮೇಲಾಗಿ, ಮೊದಲ ಸಲ ಸ್ಮಾರ್ಟ್‌ಫೋನ್ ಕೊಳ್ಳುವ ಮನೆಗಳು ನಮ್ಮ ತಾಲ್ಲೂಕುಗಳಲ್ಲಿ ಇನ್ನೂ ಇವೆ. ಅವರ ಮನೆಯ ಡಬ್ಬಿಯಲ್ಲಿ ಟೈಪ್ ಸಿ ಚಾರ್ಜರ್ ಆಗಲೇ ಇರುತ್ತದೆ ಎಂದುಕೊಳ್ಳುವುದು ನ್ಯಾಯವಲ್ಲ.

ಚಾರ್ಜರನ್ನು ಅಳತೆಯೊಳಗೇ ಇಡಬೇಕು ಎನ್ನಲು ನನಗೆ ಇನ್ನೂ ದೊಡ್ಡ ಕಾರಣ ಜೀವಭಯ. ಗೋಡೆಯ 230 ವೋಲ್ಟನ್ನು ಫೋನು ತಡೆಯುವ 5 ವೋಲ್ಟಿಗೋ 9 ವೋಲ್ಟಿಗೋ ಇಳಿಸುವುದು ಆ ಪುಟ್ಟ ಅಡಾಪ್ಟರ್. ಅದರೊಳಗೆ ಗೋಡೆಯ ಕರೆಂಟಿಗೂ ನಿಮ್ಮ ಕೈಯಲ್ಲಿರುವ ಫೋನಿಗೂ ನಡುವೆ ಇರುವ ತಡೆ ಗಟ್ಟಿಯಾಗಿರಬೇಕು. ಅಗ್ಗದ ಕಳಪೆ ಅಡಾಪ್ಟರುಗಳಲ್ಲಿ ಕೈಕೊಡುವುದು ಅದೇ ತಡೆ. ಪೆಟ್ಟಿಗೆಯಲ್ಲಿ ಚಾರ್ಜರ್ ಇಲ್ಲವೆಂದರೆ ಕೈಯಲ್ಲಿ ಕಾಸಿಲ್ಲದವರು ಬೀದಿಬದಿಯಲ್ಲಿ ಸಿಕ್ಕಿದ್ದನ್ನು ಕೊಳ್ಳುತ್ತಾರೆ, ಅದನ್ನು ದಿಂಬಿನ ಪಕ್ಕದ ಪ್ಲಗ್ಗಿಗೆ ಹಾಕುತ್ತಾರೆ. ಬೇರೆ ಕೊಳ್ಳಲೇಬೇಕಾದರೆ ಅಡಾಪ್ಟರಿನ ಮೈಮೇಲೆ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಗುರುತೂ ಅದರ ಜೊತೆ ಇಂಗ್ಲಿಷಿನ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆಯೂ ಇದೆಯೇ ನೋಡಿ. ಅತಿ ವೇಗದ ಚಾರ್ಜಿಂಗಿಗೆ ಕೆಲವು ಕಂಪನಿಗಳ ಫೋನುಗಳು ತಮ್ಮದೇ ಅಡಾಪ್ಟರ್, ತಮ್ಮದೇ ವೈರು ಕೇಳುತ್ತವೆ. ಒಳ್ಳೆಯ ಸಾಮಾನ್ಯ ಟೈಪ್ ಸಿ ಅಡಾಪ್ಟರಿನಲ್ಲೂ ಅವು ಚಾರ್ಜ್ ಆಗುತ್ತವೆ, ತುಸು ನಿಧಾನವಾಗಿ.

ಇಯರ್‌ಫೋನ್, ಪೌಚು, ಗ್ಲಾಸುಗಳ ಬಗ್ಗೆ ನನಗೆ ತಕರಾರಿಲ್ಲ. ಅವಿಲ್ಲದೆ ಫೋನು ನಡೆಯುತ್ತದೆ. ಕಂಪನಿ ಕೊಡದಿದ್ದರೆ ಬೇಡ, ಅಂಗಡಿಯವರು ಕೊಟ್ಟರೆ ಅದು ನಿಜವಾದ ಕೊಸರು. ಆನ್‌ಲೈನಿನಲ್ಲಿ ತರಿಸಿದರೆ ಇದೊಂದು ತಪ್ಪಿಹೋಗುತ್ತದೆ. ಅಲ್ಲಿ ರಿಯಾಯಿತಿ ಉಂಟು, ಕೂಪನ್ ಉಂಟು, ಮುಂದಕ್ಕೆ ಜರುಗುವ ಹೆಬ್ಬೆರಳಿಲ್ಲ.

ಮೊನ್ನೆ ತಮ್ಮನಿಗೆ ಫೋನು ತರಲು ಅಮ್ಮ ಮತ್ತೆ ಆ ಅಂಗಡಿಗೆ ಹೋದರು. ಪೊಟ್ಟಣದಲ್ಲಿ ಒಂದಕ್ಕಿಂತ ಹೆಚ್ಚು ವಸ್ತುಗಳಿದ್ದರೆ ಪ್ರತಿಯೊಂದರ ಹೆಸರೂ ಸಂಖ್ಯೆಯೂ ಮೇಲೆ ಅಚ್ಚಾಗಿರಬೇಕೆಂಬ ನಿಯಮ 2011ರಿಂದ ಇದೆ. ಅದನ್ನು ನಾನು ಹೇಳಿಕೊಟ್ಟಿದ್ದೆ. ಅಮ್ಮ ಸೀಲು ಬಿಚ್ಚಲು ಬಿಡದೆ, ಪೆಟ್ಟಿಗೆಯನ್ನು ಹುಡುಗನ ಕಡೆಗೆ ತಿರುಗಿಸಿ "ಇಲ್ಲಿ ಏನೇನ್ ಬರ್ದದೆ, ವಸಿ ಓದಪ್ಪ" ಎಂದರು. ಅವನು ಓದಿದ: ಫೋನು, ಅಡಾಪ್ಟರ್, ವೈರು, ಪಿನ್ನು. ಅಮ್ಮ ಬೆರಳು ಮಡಿಸಿ ಎಣಿಸಿಕೊಂಡು, ಸೆರಗಿನ ಗಂಟು ಬಿಚ್ಚಿ ದುಡ್ಡು ಎಣಿಸಿ ಕೊಟ್ಟರು.

"ಅಳ್ತೆ ಆಯ್ತು. ಈಗ ಕೊಸರು ಏನ್ ಕೊಟ್ಟೀಯೆ?"

ಹುಡುಗ ನಗುತ್ತಾ ಗೋಡೆಗೆ ನೇತುಹಾಕಿದ್ದ ಪೌಚುಗಳ ಕಡೆ ಕೈ ಚಾಚಿದ.