ಪದ ಪರಿಚಯ: ವಿಮರ್ಶಾತ್ಮಕ ಚಿಂತನೆ

ಉದ್ಯೋಗದ ಜಾಹೀರಾತುಗಳಲ್ಲಿಯೂ ವಾರ್ಷಿಕ ಮೌಲ್ಯಮಾಪನದ ನಮೂನೆಗಳಲ್ಲಿಯೂ ‘ವಿಮರ್ಶಾತ್ಮಕ ಚಿಂತನೆ ಮತ್ತು ಸಮಸ್ಯಾ ಪರಿಹಾರ’ ಎಂಬುದು ಜೋಡಿಪದದಂತೆ ಬರುತ್ತದೆ. ಕನ್ನಡದಲ್ಲಿ ‘ವಿಮರ್ಶೆ’ ಎಂದೊಡನೆ ನೆನಪಾಗುವುದು ಸಾಹಿತ್ಯ ವಿಮರ್ಶೆ. ಆಡುಮಾತಿನಲ್ಲಂತೂ ಅದಕ್ಕೆ ತಪ್ಪು ಹುಡುಕುವುದೆಂಬ ಅರ್ಥವೇ ಅಂಟಿಕೊಂಡಿದೆ. ಆದರೆ ಪದದ ಮೂಲದಲ್ಲಿರುವ ಸಂಸ್ಕೃತದ ‘ಮೃಶ್’ ಧಾತುವಿಗೆ ಮುಟ್ಟುವುದು, ಸವರುವುದು ಎಂಬ ಅರ್ಥವಿದೆ. ‘ಪರಾಮರ್ಶೆ’ ಹುಟ್ಟಿದ್ದೂ ಅಲ್ಲಿಂದಲೇ. ಒಂದು ಹೇಳಿಕೆಯನ್ನು ಒಪ್ಪುವ ಇಲ್ಲವೇ ತಳ್ಳಿಹಾಕುವ ಮೊದಲು ಅದನ್ನು ಎಲ್ಲ ಬದಿಯಿಂದಲೂ ಮುಟ್ಟಿ ನೋಡುವುದೇ ವಿಮರ್ಶಾತ್ಮಕ ಚಿಂತನೆ ಎಂದರೆ ತಪ್ಪಾಗದು. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯ ಜಾಡೂ ಇದೇ.

ಅಮೆರಿಕದ ತತ್ತ್ವಜ್ಞಾನಿ ಜಾನ್ ಡ್ಯೂಯಿ 1910ರಲ್ಲಿ ಇದರ ಸಾರವನ್ನು ಕಂಡದ್ದು ತೀರ್ಮಾನವನ್ನು ತಡೆಹಿಡಿಯುವುದರಲ್ಲಿ. ಪರಿಹಾರಕ್ಕೆ ಕೈಹಾಕುವ ಮುನ್ನ ಸಮಸ್ಯೆಯ ಸ್ವರೂಪವೇನೆಂದು ವಿಚಾರಿಸುವುದಕ್ಕಾಗಿಯೇ ಆ ತಡೆ. ಜೋಡಿಪದದ ಎರಡು ಭಾಗಗಳು ಕೂಡುವುದು ಇಲ್ಲಿಯೇ.

‘ಸಿಬ್ಬಂದಿ ಸಾಲದ್ದರಿಂದ ಅರ್ಜಿಗಳ ವಿಲೇವಾರಿ ತಡವಾಗುತ್ತಿದೆ’ ಎಂದು ಸಭೆಯೊಂದರ ನಡಾವಳಿಯಲ್ಲಿ ಬರೆದಿದೆ ಎಂದಿಟ್ಟುಕೊಳ್ಳೋಣ. ಸಮಸ್ಯೆ, ಕಾರಣ ಎರಡೂ ಒಂದೇ ಉಸಿರಿನಲ್ಲಿ ಬಂದುಹೋದವು. ಹೊಸ ನೇಮಕವೆಂಬ ಪರಿಹಾರವೂ ವಾಕ್ಯದೊಳಗೇ ಅಡಗಿ ಕುಳಿತಿದೆ. ಹತ್ತು ಕಡತಗಳನ್ನು ತೆಗೆದು, ಪ್ರತಿಯೊಂದೂ ಯಾರ ಮೇಜಿನ ಮೇಲೆ ಎಷ್ಟು ದಿನ ಇತ್ತೆಂದು ಬರೆದುಕೊಂಡರೆ, ಹೆಚ್ಚಿನ ದಿನಗಳು ಒಂದು ಸಹಿಗಾಗಿ ಕಾಯುವುದರಲ್ಲೇ ಕಳೆದದ್ದು ಗೊತ್ತಾಗಬಹುದು. ಹಾಗಿದ್ದಲ್ಲಿ ಹೊಸಬರ ನೇಮಕದಿಂದ ಆ ಸಹಿಯ ಮುಂದಿನ ಸಾಲು ಇನ್ನಷ್ಟು ಉದ್ದವಾದೀತು, ಅಷ್ಟೆ. ಟೊಯೋಟ ಕಂಪನಿಯಿಂದ ಹೆಸರಾದ, ‘ಏಕೆ’ ಎಂದು ಐದು ಬಾರಿ ಕೇಳುವ ವಿಧಾನ ಇಂತಲ್ಲಿ ನೆರವಿಗೆ ಬರುತ್ತದೆ. ಆದರೆ ಎರಡನೆಯ ಉತ್ತರವನ್ನು ದಾಖಲೆಯೊಂದಿಗೆ ತಾಳೆ ನೋಡದೆ ಮೂರನೆಯ ಪ್ರಶ್ನೆಗೆ ಹೋದರೆ ಕೊನೆಗೆ ಸಿಗುವುದು ಊಹೆಯ ಮೇಲಿನ ಊಹೆ. ಬಹಳ ಸಲ ಅದು ಯಾರೋ ಒಬ್ಬ ನೌಕರನ ಹೆಸರಾಗಿರುತ್ತದೆ.

ಎದುರಿಗಿರುವ ಮಾಹಿತಿಯನ್ನು ಪರೀಕ್ಷಿಸುವುದಕ್ಕಿಂತ, ಎದುರಿಗಿಲ್ಲದ್ದು ಯಾವುದೆಂದು ಕೇಳುವುದು ಕಷ್ಟ. 1986ರ ಜನವರಿ 28ರಂದು ಬಾಹ್ಯಾಕಾಶ ನೌಕೆ ಚಾಲೆಂಜರ್ ಹಾರಿದ 73 ಸೆಕೆಂಡುಗಳಲ್ಲಿ ನಾಶವಾಗಿ ಏಳು ಮಂದಿ ಸತ್ತರು. ರಾಕೆಟ್ಟಿನ ಭಾಗಗಳು ಕೂಡುವಲ್ಲಿದ್ದ ರಬ್ಬರಿನ ಬಳೆಗಳು ಚಳಿಗೆ ಪೆಡಸಾಗುತ್ತವೆಂದು ಹಿಂದಿನ ರಾತ್ರಿ ಎಂಜಿನಿಯರುಗಳು ಎಚ್ಚರಿಸಿದ್ದರು. ವ್ಯವಸ್ಥಾಪಕರು ಬಳೆಗಳಿಗೆ ಹಾನಿಯಾಗಿದ್ದ ಹಾರಾಟಗಳನ್ನಷ್ಟೇ ಹೋಲಿಸಿ ನೋಡಿದರು. ಬೆಚ್ಚಗಿನ ದಿನಗಳಲ್ಲೂ ಹಾನಿ ಕಂಡಿದ್ದರಿಂದ, ಅದಕ್ಕೂ ಚಳಿಗೂ ಸಂಬಂಧವಿದ್ದಂತೆ ತೋರಲಿಲ್ಲ. ಹಾನಿಯಾಗದ ಹಾರಾಟಗಳನ್ನೂ ಸೇರಿಸಿ ಲೆಕ್ಕ ಹಾಕಿದ್ದು ಅಪಘಾತದ ತನಿಖಾ ಆಯೋಗ. 66 ಡಿಗ್ರಿ ಫ್ಯಾರನ್‌ಹೀಟ್ (ಸುಮಾರು 19 ಡಿಗ್ರಿ ಸೆಲ್ಸಿಯಸ್) ಅಥವಾ ಅದಕ್ಕೂ ಹೆಚ್ಚು ಉಷ್ಣಾಂಶದಲ್ಲಿ ನಡೆದ 20 ಹಾರಾಟಗಳ ಪೈಕಿ ಹಾನಿಯಾದದ್ದು 3ರಲ್ಲಿ. ಅದಕ್ಕಿಂತ ಕಡಿಮೆ ಉಷ್ಣಾಂಶದ 4 ಹಾರಾಟಗಳಲ್ಲಿ ನಾಲ್ಕರಲ್ಲೂ ಹಾನಿಯಾಗಿತ್ತು. ಚಾಲೆಂಜರ್ ನೆಲ ಬಿಟ್ಟಾಗ ಹೊರಗಿನ ಉಷ್ಣಾಂಶ 36 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 2 ಡಿಗ್ರಿ ಸೆಲ್ಸಿಯಸ್.