‘ಅನಿಸಿಕೆ ಬರೆಯಿರಿ’ ಅಂದಿರಿ, ಓದಿದಿರಾ?

ಉಡುಪಿ, ಮಂಗಳೂರು ಕಡೆಯ ಸಣ್ಣ ಟ್ರಸ್ಟ್‌ಗಳಿಗೆ ಸಮೀಕ್ಷೆ, ವರದಿ ಮಾಡಿಕೊಡುವುದು ನನ್ನ ಕೆಲಸ. ಹೌದು–ಇಲ್ಲ ಪ್ರಶ್ನೆಗಳ ಶೇಕಡಾ ಲೆಕ್ಕ ಎಲ್ಲರ ವರದಿಯಲ್ಲೂ ಇರುತ್ತದೆ. ಕೊನೆಯಲ್ಲಿ ‘ನಿಮ್ಮ ಅನಿಸಿಕೆ’ ಅಂತ ಜನ ಕೂತು ಬರೆದದ್ದು ಮಾತ್ರ ಕಪಾಟಿನಲ್ಲೇ ಉಳಿಯುತ್ತದೆ. ನನಗೆ ಇದು ತುಂಬಾ ಬೇಸರದ ವಿಷಯ. ಕೇಳಿದರೆ, ಸಾಫ್ಟ್‌ವೇರ್‌ಗೆ ದುಡ್ಡಿಲ್ಲ ಅನ್ನುತ್ತಾರೆ. ಬರೆದ ಉತ್ತರಗಳನ್ನು ವಿಷಯವಾರು ವಿಂಗಡಿಸಲು ಬಳಸುವ ಎನ್ವಿವೊದಂಥವು ದುಬಾರಿ, ನಿಜ. ಆದರೆ ಕೆಲವು ನೂರು ಉತ್ತರಗಳಿಗೆ ಅವು ಬೇಕಾಗಿಯೇ ಇಲ್ಲ.

ಮೊದಲು ಗೂಗಲ್ ಶೀಟ್ಸ್ ಸಾಕು. ಒಂದು ಸಾಲಿಗೆ ಒಬ್ಬರ ಉತ್ತರ. ಹಳೇ ‘ನುಡಿ’, ‘ಬರಹ’ ಫಾಂಟಿನಲ್ಲಿ ಟೈಪ್ ಆಗಿದ್ದರೆ ಯುನಿಕೋಡಿಗೆ ಬದಲಿಸಿಕೊಳ್ಳಿ. ಆಮೇಲೆ ಕೌಂಟ್‌ಇಫ್ (COUNTIF) ಎಂಬ ಎಣಿಕೆ ಸೂತ್ರದಲ್ಲಿ ಪದದ ಎರಡೂ ಬದಿ ನಕ್ಷತ್ರ ಚಿಹ್ನೆ (*) ಹಾಕಿ ಹುಡುಕಿ. ‘ನೀರು’ ಅಂತ ಪೂರ್ತಿ ಕೊಟ್ಟರೆ ನೀರಿಗೆ, ನೀರಿನ, ನೀರಿಲ್ಲ ಎಲ್ಲ ತಪ್ಪಿಹೋಗುತ್ತವೆ. ‘ನೀರ’ ಅಂತ ಕೊಡಿ, ಅವೆಲ್ಲ ಸಿಗುತ್ತವೆ, ತುಳುವಿನ ‘ನೀರ್’ ಕೂಡ. ಕೊಂಕಣಿಯವರ ‘ಉದಾಕ್’ ಬೇರೆ ಹುಡುಕಬೇಕು.

ಇನ್ನೊಂದು ಆಂಟ್‌ಕಾಂಕ್. ಬರಹದಲ್ಲಿ ಪದ ಹುಡುಕಿಕೊಡುವ ಸಾಫ್ಟ್‌ವೇರ್, ಜಪಾನಿನ ವಸೇಡಾ ವಿಶ್ವವಿದ್ಯಾಲಯದ ಲಾರೆನ್ಸ್ ಆಂಥನಿ ಮಾಡಿದ್ದು. ಉಚಿತ, ಇಂಟರ್ನೆಟ್ ಇಲ್ಲದೆಯೂ ಓಡುತ್ತದೆ. ಶುರುವಿನಲ್ಲೇ ಟೋಕನ್ ಡೆಫಿನಿಷನ್ (ಏನೇನು ಸೇರಿ ಒಂದು ಪದ ಎಂಬ) ಸೆಟ್ಟಿಂಗಿನಲ್ಲಿ ‘ಮಾರ್ಕ್’ (ಅಕ್ಷರಕ್ಕೆ ಅಂಟುವ ಚಿಹ್ನೆಗಳು) ಸೇರಿದೆಯಾ ನೋಡಿ. ಇಲ್ಲದಿದ್ದರೆ ನಮ್ಮ ಗುಣಿತ, ಒತ್ತಕ್ಷರಗಳ ಹತ್ತಿರ ಪದ ಮುರಿದು ಚೂರಾಗುತ್ತದೆ. ಒಂದು ಪದ ಕೊಟ್ಟರೆ ಅದು ಬಂದ ಕಡೆಯೆಲ್ಲ ಹಿಂದೆ ಮುಂದಿನ ಮಾತು ಸಾಲಾಗಿ ಕಾಣುತ್ತದೆ. ನನಗೆ ಬರೀ ಎಣಿಕೆಗಿಂತ ಇದೇ ಮುಖ್ಯ. ‘ಟ್ಯಾಂಕರ್ ದಿನಾ ಬರ್ತದೆ’, ‘ಟ್ಯಾಂಕರ್ ಬರುದೇ ಇಲ್ಲ’, ಎಣಿಸುವಾಗ ಎರಡೂ ಒಂದೇ ಅಲ್ವಾ?

ಇನ್ನು ‘ನಮ್ಮ ಬಾವಿ ಮಾರ್ಚಿಗೇ ಉಪ್ಪಾಗ್ತದೆ’ ಅಂತ ಕಡಲ ಬದಿಯವರೊಬ್ಬರು ಬರೆದರೆ? ಅದರಲ್ಲಿ ‘ನೀರು’ ಎಂಬ ಪದವೇ ಇಲ್ಲ. ಇಲ್ಲಿ ಕಣ್ಣೇ ಬೇಕು. ಟ್ಯಾಗೆಟ್ ಎಂಬ ಉಚಿತ ಟೂಲ್ ಇದಕ್ಕೇ ಇರುವುದು. ಸಾಲನ್ನು ಆರಿಸಿ ‘ಉಪ್ಪುನೀರು’ ಅಂತ ಟ್ಯಾಗ್ (ವಿಷಯದ ಗುರುತು) ಹಾಕಿ, ಕೊನೆಗೆ ಒಂದೊಂದು ಟ್ಯಾಗಿನ ಮಾತುಗಳನ್ನು ಒಟ್ಟಿಗೆ ತೆಗೆಯಬಹುದು. ಮೊದಲ ಮೂವತ್ತು ಉತ್ತರಗಳಿಗೆ ಇಬ್ಬರು ಬೇರೆ ಬೇರೆ ಕೂತು ಟ್ಯಾಗ್ ಹಾಕಿ. ಒಬ್ಬರು ಆ ಊರಿನವರೇ ಆಗಿರಲಿ. ಎಲ್ಲಿ ಹೊಂದಲಿಲ್ಲವೋ ಅಲ್ಲಿ ಮಾತಾಡಿ ಒಂದು ತೀರ್ಮಾನಕ್ಕೆ ಬಂದರೆ ಉಳಿದದ್ದು ಬೇಗ ಮುಗಿಯುತ್ತದೆ.

ಮಾತಿನಲ್ಲಿ ಖುಷಿಯಾ, ಸಿಟ್ಟಾ ಅಂತ ತಾನೇ ಹೇಳುವ ಟೂಲ್‌ಗಳನ್ನು ತುಳು ಬೆರೆತ ಕನ್ನಡಕ್ಕೆ ನಾನು ನಂಬುವುದಿಲ್ಲ.

ಎಐ ಚಾಟ್‌ಗೆ ಉತ್ತರಗಳನ್ನು ಸುಮ್ನೆ ಹಾಗೇ ಅಂಟಿಸಬೇಡಿ. ಹೆಸರು, ಫೋನ್ ನಂಬರ್ ತೆಗೆಯಿರಿ. 2023ರಲ್ಲಿ ವೈಯಕ್ತಿಕ ಡೇಟಾ ರಕ್ಷಣೆಗೆ ಕಾಯ್ದೆಯೇ ಬಂದಿದೆ. ಅಷ್ಟೇ ಸಾಲದು, ‘ಅಂಗನವಾಡಿ ಎದುರಿನ ಮನೆ, ಗಂಡ ಬೋಟಿಗೆ ಹೋಗ್ತಾರೆ’ ಎಂಬಂಥ ಸಾಲನ್ನೂ ತೆಗೆಯಿರಿ. ಸಣ್ಣ ಊರಿನಲ್ಲಿ ಅಷ್ಟು ಓದಿದರೆ ಸಾಕು, ಯಾರೆಂದು ಗೊತ್ತಾಗುತ್ತದೆ.