ಒಂದೇ ನಿಮಿಷದ ಕೆಲಸ

"ಏನು ಮಾಡ್ತಾ ಇದ್ರಿ?" ಕೈಗೆ ಪೆಟ್ಟಾಗಿ ಬಂದವರನ್ನು ನಾನು ಮೊದಲು ಕೇಳೋದು ಇದನ್ನೇ. "ಒಂದೇ ನಿಮಿಷದ ಕೆಲಸ ಸಾರ್, ಒಂದು ಬೋಲ್ಟ್ ಕಟ್ ಮಾಡಬೇಕಿತ್ತು" ಅನ್ನುತ್ತಾರೆ.

ಕೈ ಸರ್ಜನ್ ಆಗಿ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಫಿಟ್ಟರ್‌ಗಳನ್ನು, ಅಂದರೆ ಮಷೀನ್ ರಿಪೇರಿ ಮಾಡುವವರನ್ನು, ವರ್ಷಗಳಿಂದ ನೋಡುತ್ತಿದ್ದೇನೆ. ಪ್ರೊಡಕ್ಷನ್ ನಡೆಯುವಾಗ ಮಷೀನಿಗೆ ಗಾರ್ಡ್ (ಕೈ ತಾಗದಂತೆ ತಡೆಯುವ ಕವಚ) ಇರುತ್ತದೆ, ಕೆಲಸಕ್ಕೊಂದು ಕ್ರಮ ಇರುತ್ತದೆ. ಬ್ರೇಕ್‌ಡೌನ್ ಆದಾಗ ಎರಡೂ ಇರುವುದಿಲ್ಲ. ಜಾಗ ಇಕ್ಕಟ್ಟು. ಹಿಂದೆ ನಿಂತ ಸೂಪರ್‌ವೈಸರ್ "ಎಷ್ಟೊತ್ತಿಗೆ ಸ್ಟಾರ್ಟ್ ಆಗುತ್ತೆ?" ಅಂತ ಕೇಳುತ್ತಲೇ ಇರುತ್ತಾರೆ.

ಆಗ ಕೈಗೆ ಬರೋದು ನಾಲ್ಕಿಂಚಿನ ಗ್ರೈಂಡರ್, ಅಂದರೆ ಡಿಸ್ಕ್ ತಿರುಗಿಸಿ ಕಬ್ಬಿಣ ಕತ್ತರಿಸುವ ಕೈ ಮಷೀನ್. ಅದರ ಡಿಸ್ಕ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಅಂಚಿನ ವೇಗ ಲೆಕ್ಕ ಹಾಕಿ ನೋಡಿ, ಗಂಟೆಗೆ 200 ಕಿಲೋಮೀಟರ್ ದಾಟುತ್ತದೆ. ಅರ್ಧ ಕಟ್ ಆದ ಕಬ್ಬಿಣ ಬಾಗಿ ಡಿಸ್ಕನ್ನು ಕಚ್ಚಿಕೊಂಡರೆ ಗ್ರೈಂಡರ್ ಒದೆಯುತ್ತದೆ. ಎರಡೂ ಕೈಯಲ್ಲಿ ಹಿಡಿದಿದ್ದರೆ ತಡೆದುಕೊಳ್ಳಬಹುದು. ಆದರೆ ಸೈಡ್ ಹ್ಯಾಂಡಲ್ ಅಡ್ಡ ಬರುತ್ತದೆ ಅಂತ ಬಿಚ್ಚಿಟ್ಟಿರುತ್ತಾರೆ. ಬಲಗೈಯಲ್ಲಿ ಗ್ರೈಂಡರ್, ಎಡಗೈಯಲ್ಲಿ ಪೀಸ್. ಎಡಗೈಯ ಹೆಬ್ಬೆರಳು, ತೋರುಬೆರಳಿಗೇ ಪೆಟ್ಟು.

ಗಾರ್ಡ್ ತೆಗೆದು ಏಳಿಂಚಿನ ಡಿಸ್ಕ್ ಹಾಕುವವರೂ ಇದ್ದಾರೆ. ದಯವಿಟ್ಟು ಬೇಡ. ಆ ಡಿಸ್ಕಿನ ಮಿತಿ ಸಾಮಾನ್ಯವಾಗಿ 8,500 ಸುತ್ತಿನ ಆಸುಪಾಸು. 11,000ದಲ್ಲಿ ತಿರುಗಿಸಿದರೆ ಸಿಡಿದು ಚೂರಾಗಬಹುದು.

ಚಾಕುವಿನ ಗಾಯ ನೇರವಾಗಿರುತ್ತದೆ, ಎರಡು ತುದಿ ಸೇರಿಸಿ ಹೊಲಿಯಬಹುದು. ಗ್ರೈಂಡರ್ ಹಾಗಲ್ಲ, ಅದು ತೇಯ್ದು ತೆಗೆಯುತ್ತದೆ. ನರ, ಸ್ನಾಯುವನ್ನು ಮೂಳೆಗೆ ಕಟ್ಟುವ ಟೆಂಡನ್, ಮೂಳೆ ಎಲ್ಲದರಲ್ಲೂ ಒಂದಿಷ್ಟು ಭಾಗ ಪುಡಿಯಾಗಿ ಹೋಗಿರುತ್ತದೆ. ಅಂಚು ಸುಟ್ಟಿರುತ್ತದೆ, ಒಳಗೆಲ್ಲ ಕಪ್ಪು ಪುಡಿ. ಎಷ್ಟೋ ಸಲ ಬೇರೆ ಕಡೆಯಿಂದ ನರದ ತುಂಡು ತೆಗೆದು ನಡುವೆ ಜೋಡಿಸಬೇಕಾಗುತ್ತದೆ. ಹೊಲಿದ ನರ ಬೆಳೆಯೋದು ದಿನಕ್ಕೆ ಸುಮಾರು 1 ಮಿಲಿಮೀಟರ್. ಅಂಗೈಯಿಂದ ಬೆರಳ ತುದಿ ಮುಟ್ಟಲು ತಿಂಗಳುಗಳೇ ಬೇಕು. ಒಂದು ನಿಮಿಷ ಉಳಿಸಲು ಹೋಗಿ ಅಷ್ಟು ದಿನ ಸಂಬಳ ಇಲ್ಲದೆ ಮನೇಲಿ ಕೂರುವವರನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

ಗ್ಲೌಸ್ ವಿಷಯದಲ್ಲಿ ಗೊಂದಲ ಜಾಸ್ತಿ. ಗ್ರೈಂಡರ್ ಹಿಡಿಯುವಾಗ ಚರ್ಮದ ಗ್ಲೌಸ್ ಒಳ್ಳೆಯದೇ. ಆದರೆ ಸ್ಟ್ಯಾಂಡಿಗೆ ಕೂರಿಸಿದ ಡ್ರಿಲ್ ಮಷೀನ್ ಓಡುವಾಗ ಅದರ ಮುಂದೆ ಕಾಟನ್ ಗ್ಲೌಸ್ ಅಪಾಯ. ಒಂದು ಎಳೆ ಸಿಕ್ಕಿದರೂ ತಿರುಗುವ ಡ್ರಿಲ್ ಬಿಟ್ ಕೈಯನ್ನೇ ಎಳೆದುಕೊಳ್ಳುತ್ತದೆ. ಬೆರಳಿನ ಚರ್ಮ ಕಾಲುಚೀಲ ಕಳಚಿದ ಹಾಗೆ ಬಂದುಬಿಡುತ್ತದೆ. ಲೋಹದ ಚೂರನ್ನು ಕೈಯಲ್ಲಿ ಒರೆಸಬೇಡಿ, ಬ್ರಷ್ ಬಳಸಿ.

ಗ್ರೀಸ್ ಗನ್ ಬಗ್ಗೆಯೂ ಹೇಳಲೇಬೇಕು. ಒತ್ತಡದಲ್ಲಿ ಚಿಮ್ಮಿದ ಗ್ರೀಸ್ ಚರ್ಮ ತೂರಿ ಒಳಗೆ ಹೋದರೆ ಹೊರಗೆ ಕಾಣೋದು ಸೂಜಿ ಚುಚ್ಚಿದಷ್ಟು ಗುರುತು. ಮೊದಮೊದಲು ನೋವೂ ಇರಲಿಕ್ಕಿಲ್ಲ. ಬ್ಯಾಂಡೇಜ್ ಸುತ್ತಿ ಮನೆಗೆ ಹೋಗಬೇಡಿ. ಕೆಲವೇ ಗಂಟೆಗಳಲ್ಲಿ ಆಪರೇಷನ್ ಆಗದಿದ್ದರೆ ಬೆರಳು ಹೋಗಬಹುದು. ಆಸ್ಪತ್ರೆಯಲ್ಲಿ "ಗ್ರೀಸ್ ಒಳಗೆ ಹೋಗಿದೆ" ಅಂತ ಬಿಡಿಸಿ ಹೇಳಿ.

ರಿಪೇರಿಗೆ ಇಳಿಯುವ ಮುಂಚೆ ಮಷೀನಿನ ಮೇನ್ ಸ್ವಿಚ್ ಆಫ್ ಮಾಡಿ ಬೀಗ ಹಾಕಿ. ಕೀ ರಿಪೇರಿ ಮಾಡುವವರ ಜೇಬಲ್ಲೇ ಇರಲಿ, ಸೂಪರ್‌ವೈಸರ್ ಹತ್ತಿರ ಬೇಡ. ಡಿಸ್ಕ್ ಬದಲಿಸುವಾಗ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕೀಳಿ.

ಇಷ್ಟಾದರೂ ಬೆರಳು ತುಂಡಾದರೆ? ಗಾಯದ ಮೇಲೆ ಶುಭ್ರ ಬಟ್ಟೆ ಒತ್ತಿ ಹಿಡಿದು ಕೈ ಮೇಲೆತ್ತಿ. ತಂತಿ, ದಾರ ಬಿಗಿಯಬೇಡಿ. ತುಂಡನ್ನು ಸಲೈನ್‌ನಲ್ಲಿ ಒದ್ದೆ ಮಾಡಿದ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರ್‌ಗೆ ಹಾಕಿ ಬಾಯಿ ಕಟ್ಟಿ. ಆ ಕವರನ್ನು ಐಸ್ ಹಾಕಿದ ನೀರಿನಲ್ಲಿಡಿ. ಬೆರಳನ್ನೇ ಐಸ್ ಮೇಲಿಟ್ಟರೆ ಹೆಪ್ಪುಗಟ್ಟಿ ಕೆಡುತ್ತದೆ. ಗಾಯಾಳುವಿಗೆ ದಾರೀಲಿ ಕಾಫಿ, ಜ್ಯೂಸ್ ಕುಡಿಸಬೇಡಿ, ಅನಸ್ತೇಸಿಯಾ ಕೊಡೋದು ತಡವಾಗುತ್ತದೆ. ಬೆರಳು ಪೂರ್ತಿ ಜಜ್ಜಿಹೋಗಿದೆ ಅನಿಸಿದರೂ ಎಸೆಯದೆ ತನ್ನಿ. ಜೋಡಿಸೋಕೆ ಆಗದಿದ್ದರೂ ಅದರ ಚರ್ಮವೋ ನರವೋ ಪಕ್ಕದ ಬೆರಳು ಉಳಿಸೋಕೆ ನಮಗೆ ಬೇಕಾಗಬಹುದು.